ಬೇಸಿಗೆಯ ರೇಡಿಯೊ: ಖಯಾಲ್ ಹಚ್ಚೋದಾ, ಜಾಝ್ ಹಚ್ಚೋದಾ, ಸಿಂಫನಿ ಹಚ್ಚೋದಾ?

ಏಪ್ರಿಲ್ ಬಂತಂದ್ರೆ ಸಂಗೀತದ ಹುಚ್ಚು ಇರುವವರಿಂದ ಒಂದೇ ಥರದ ಪ್ರಶ್ನೆಗಳು ಬರುತ್ತವೆ. "ಕಾಕಾ, ಮಧ್ಯಾಹ್ನ ಹೊರಗ ಕಾಲಿಡಾಕ ಆಗಂಗಿಲ್ಲ, ಮನ್ಯಾಗ ಕುಂತು ಛಲೋ ಸಂಗೀತ ಕೇಳ್ಬೇಕಂದ್ರ ಯಾವ ಸ್ಟೇಶನ್ ಹಚ್ಚಲಿ?" ಅನ್ನುವವರು ಕೆಲವರು. "ಮಗ ಜಾಝ್ ಜಾಝ್ ಅಂತಾನ, ಅದರಾಗ ಏನ ಐತ್ರಿ?" ಅನ್ನುವವರು ಇನ್ನು ಕೆಲವರು. ಹೊಸ ಸೆಟ್ ಕೊಳ್ಳಬೇಕೋ, ಮೊಬೈಲ್ ಸಾಕೋ ಅನ್ನುವ ಗೊಂದಲ ಎಲ್ಲರಿಗೂ ಇದೆ.

ಯಾವ ಸಂಗೀತ ದೊಡ್ಡದು ಅನ್ನುವ ಜಗಳಕ್ಕೆ ನಾನು ಹೋಗುವುದಿಲ್ಲ. ಬೇಸಿಗೆಯಲ್ಲಿ ರೇಡಿಯೊ ಕೇಳುವವರ ಕಷ್ಟವೇ ಬೇರೆ. ತಲೆಯ ಮೇಲೆ ಫ್ಯಾನು ಐದರಲ್ಲಿ ತಿರುಗುತ್ತಿರುತ್ತದೆ. ಕಿಟಕಿಯಲ್ಲಿ ಕೂಲರ್ ಬೊರ್ರೋ ಅನ್ನುತ್ತಿರುತ್ತದೆ. ಸಂಜೆ ಮೋಡ ಕಟ್ಟಿ ಗುಡುಗು ಶುರುವಾಗುತ್ತದೆ, ಅದರ ಬೆನ್ನಿಗೆ ಕರೆಂಟೂ ಹೋಗುತ್ತದೆ. ಹಾಗಾಗಿ ನನ್ನ ಮಾತು ಇಷ್ಟೇ: ಈ ಮೂರು ತಿಂಗಳು ನೀವು ಏನು ಕೇಳಬೇಕು ಅನ್ನುವುದನ್ನು ನಿಮ್ಮ ಅಭಿರುಚಿಗಿಂತ ಜಾಸ್ತಿ ನಿಮ್ಮ ಫ್ಯಾನು ಮತ್ತು ಗಡಿಯಾರ ನಿರ್ಧರಿಸುತ್ತವೆ. ಅಭಿರುಚಿ ಆಮೇಲೆ.

ಯಾವ ಅಳತೆಯಲ್ಲಿ ತೂಗಬೇಕು

ಮೊದಲನೆಯದು ಸದ್ದು. ಫ್ಯಾನಿನ ಸದ್ದು ಒಂದೇ ಮಟ್ಟದಲ್ಲಿ ಇರುತ್ತದೆ. ಅದಕ್ಕಿಂತ ಮೆಲ್ಲಗಿರುವುದೆಲ್ಲ ಅದರೊಳಗೆ ಮುಳುಗಿ ಹೋಗುತ್ತದೆ. ಹಾಗಾಗಿ ಒಂದು ಸಂಗೀತದಲ್ಲಿ ಅತಿ ಮೆಲ್ಲಗಿನ ಜಾಗಕ್ಕೂ ಅತಿ ಜೋರಿನ ಜಾಗಕ್ಕೂ ಎಷ್ಟು ಅಂತರ ಇದೆ ಎಂದು ನೋಡಬೇಕು. ಅಂತರ ಕಡಿಮೆ ಇದ್ದರೆ ಫ್ಯಾನಿನ ಕೆಳಗೆ ನಡೆಯುತ್ತದೆ. ಜಾಸ್ತಿ ಇದ್ದರೆ ವಾಲ್ಯೂಮ್ ಏರಿಸುವುದು, ಇಳಿಸುವುದು, ಇದರಲ್ಲೇ ಹೊತ್ತು ಹೋಗುತ್ತದೆ.

ಎರಡನೆಯದು ಸಂಗೀತ ನಿಮ್ಮ ಮನೆಗೆ ಬರುವ ದಾರಿ. ಮೀಡಿಯಂ ವೇವ್‌ನಲ್ಲಿ ಸುಮಾರು 5 ಕಿಲೋಹರ್ಟ್ಸ್‌ವರೆಗಿನ ದನಿ ಮಾತ್ರ ಬರುತ್ತದೆ (ಕಿಲೋಹರ್ಟ್ಸ್ ಹೆಚ್ಚಿದಷ್ಟೂ ದನಿ ಎತ್ತರದ್ದು). ಎಫ್‌ಎಂನಲ್ಲಿ 15 ಕಿಲೋಹರ್ಟ್ಸ್‌ವರೆಗೆ. ಮನುಷ್ಯನ ಕಂಠದ ಮುಖ್ಯ ಭಾಗ ಐದರೊಳಗೇ ಇದೆ. ತಂಬೂರಿಯ ಝೇಂಕಾರದ ಮೇಲಿನ ಪದರ, ಜಾಝ್ ಡ್ರಮ್ಮಿನ ಕಂಚಿನ ತಾಳದ ಚಿಮ್ಮು, ವಯೊಲಿನ್ನಿನ ಹೊಳಪು, ಇವೆಲ್ಲ ಅದರ ಮೇಲೆ. ಮೀಡಿಯಂ ವೇವ್‌ನಲ್ಲಿ ಗಾಯಕ ಉಳಿಯುತ್ತಾನೆ, ಸಾಥ್, ಅಂದರೆ ಜೊತೆಗೆ ನುಡಿಸುವ ವಾದ್ಯಗಳು, ಸ್ವಲ್ಪ ಮಂಕಾಗುತ್ತವೆ.

ಮೂರನೆಯದು ಹೊತ್ತು. ನಾಲ್ಕನೆಯದು ಕರೆಂಟು ಹೋದಾಗ ಏನಾಗುತ್ತದೆ ಅನ್ನುವುದು. ಐದನೆಯದು ಗಮನ: ಕೂತು ಕೇಳುತ್ತೀರೋ, ಕೆಲಸ ಮಾಡುತ್ತ ಕಿವಿಗೆ ಬೀಳಲಿ ಅಂತೀರೋ? ಕೊನೆಯದು ದುಡ್ಡು. ಬಹಳ ಜನ ದುಡ್ಡಿನಿಂದ ಶುರು ಮಾಡುತ್ತಾರೆ. ನಾನು ಅದನ್ನು ಕೊನೆಗೆ ಇಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಕಡಿಮೆ ದುಡ್ಡಿನ ದಾರಿಗಳೇ ಎಷ್ಟೋ ಸಲ ಛಲೋ ಇರುತ್ತವೆ.

ಧಾರವಾಡದ 765

ನಮ್ಮ ಭಾಗದವರಿಗೆ ಮೊದಲು ಕೈ ಹೋಗುವುದು ಇಲ್ಲಿಗೇ. 1950ರ ಜನವರಿ 8ರಂದು ಶುರುವಾದ ಆಕಾಶವಾಣಿ ಸ್ಟೇಶನ್. ಮೀಡಿಯಂ ವೇವ್‌ನಲ್ಲಿ 765 ಕಿಲೋಹರ್ಟ್ಸ್, 200 ಕಿಲೋವ್ಯಾಟ್ ಶಕ್ತಿ. ಮೀಟರ್ ಲೆಕ್ಕದ ಹಳೆಯ ಸೆಟ್ ಇದ್ದರೆ ಮುಳ್ಳನ್ನು 392ರ ಹತ್ತಿರ ತನ್ನಿ. ಹಗಲಿನಲ್ಲಿ ಮೀಡಿಯಂ ವೇವ್ ನೆಲ ಹಿಡಿದು ಬರುವ ಅಲೆ. ಹಾಗಾಗಿ ಗುಡ್ಡ, ಕಟ್ಟಡ ಅಂತ ಅಷ್ಟು ತಕರಾರು ಮಾಡುವುದಿಲ್ಲ. ಗದಗ, ಹಾವೇರಿ ಕಡೆಯ ಹೊಲದ ಮನೆಗಳಲ್ಲೂ ಸಣ್ಣ ಸೆಟ್ ಸಾಕು. ಮೊಬೈಲ್ ಟವರಿನ ಹಂಗಿಲ್ಲ.

ಇಲ್ಲಿನ ಸಂಗೀತದ ಬಗ್ಗೆ ನಾನು ಬೇರೆ ಹೇಳಬೇಕೇ? ಮಲ್ಲಿಕಾರ್ಜುನ ಮನಸೂರ (1910–1992) ಈ ಸ್ಟೇಶನ್ನಿಗೆ ಸಂಗೀತ ಸಲಹೆಗಾರರಾಗಿದ್ದವರು. ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ, ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳು, ಎಲ್ಲರೂ ಈ ನೆಲದವರು. ಇವರು ಹೆಸರು ಮಾಡಿದ್ದು ಕಂಠದಿಂದ. ಮೀಡಿಯಂ ವೇವ್ ಉಳಿಸಿಕೊಡುವುದೂ ಕಂಠವನ್ನೇ. ಗಂಗೂಬಾಯಿಯವರ ಆ ಗಡಸು ದನಿ ಸಣ್ಣ ಸ್ಪೀಕರಿನಲ್ಲೂ, ಫ್ಯಾನಿನ ಗಾಳಿಯಲ್ಲೂ ಸೀಳಿಕೊಂಡು ಬರುತ್ತದೆ. ಇವರು ಹಾಡುವ ಖಯಾಲಿನಲ್ಲಿ, ಅಂದರೆ ಹಿಂದೂಸ್ತಾನಿ ಗಾಯನದ ಮುಖ್ಯ ಬಗೆಯಲ್ಲಿ, ಜೋರು-ಮೆಲ್ಲಗಿನ ಅಂತರವೂ ಕಡಿಮೆ. ತಬಲಾ, ಪೇಟಿ (ಹಾರ್ಮೋನಿಯಂ), ತಂಬೂರಿ ಸುಮಾರು ಒಂದೇ ಮಟ್ಟದಲ್ಲಿ ಇರುತ್ತವೆ. ಬಡಾ ಖಯಾಲಿನ ಆಲಾಪ ಎಷ್ಟು ನಿಧಾನವಾದರೂ ಪೂರ್ತಿ ಮೌನಕ್ಕೆ ಇಳಿಯುವುದಿಲ್ಲ. ಸದ್ದಿನ ಅಳತೆಯಲ್ಲಿ ಇದಕ್ಕೆ ಪೂರ್ತಿ ಅಂಕ.

ಕೊರತೆಗಳೂ ಇವೆ. ಇದು ಬರೀ ಶಾಸ್ತ್ರೀಯ ಸಂಗೀತದ ಸ್ಟೇಶನ್ ಅಲ್ಲ. ವಾರ್ತೆ ಬರುತ್ತದೆ, ರೈತರ ಕಾರ್ಯಕ್ರಮ ಬರುತ್ತದೆ, ವಚನ, ಭಾವಗೀತೆ, ನಾಟಕ ಎಲ್ಲ ಬರುತ್ತವೆ. ಖಯಾಲ್ ಬೇಕಾದವರು ಹೊತ್ತು ಕಾಯಬೇಕು. ದಿನದ ಕಾರ್ಯಕ್ರಮಗಳ ವಿವರ ಹೇಳುವಾಗ ಒಂದು ಚೀಟಿಯಲ್ಲಿ ಬರೆದು ಸೆಟ್ಟಿನ ಪಕ್ಕ ಇಟ್ಟುಕೊಳ್ಳಿ. 1952ರಿಂದ ನಡೆದು ಬಂದಿರುವ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನಂತೂ ಮರೆಯಬೇಡಿ. ಶನಿವಾರ ರಾತ್ರಿ ಅಂದರೆ ಅದೇ ಅನ್ನುವ ಮನೆಗಳು ಇನ್ನೂ ಇವೆ.

ಮೀಡಿಯಂ ವೇವ್ ಕೇಳುವವರ ದೊಡ್ಡ ದೂರು ಖರಖರ. ಇದಕ್ಕೆ ಸ್ಟೇಶನ್ ಕಾರಣ ಅಲ್ಲ, ನಮ್ಮ ಮನೆಗಳೇ ಕಾರಣ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್, ಇನ್ವರ್ಟರ್, ಇವೆಲ್ಲ ರೇಡಿಯೊ ಅಲೆಯ ಕಸ ಚೆಲ್ಲುತ್ತವೆ. ಸೆಟ್ ಬಿಚ್ಚಿದರೆ ಒಳಗೆ ಬೆರಳುದ್ದದ ಒಂದು ಕಪ್ಪು ಫೆರೈಟ್ ಕಡ್ಡಿ ಕಾಣುತ್ತದೆ, ಅದಕ್ಕೆ ಸಣ್ಣ ತಾಮ್ರದ ತಂತಿ ಸುತ್ತಿರುತ್ತದೆ. ಮೀಡಿಯಂ ವೇವ್‌ಗೆ ಅದೇ ಆಂಟೆನಾ. ಮೇಲೆ ಎಳೆಯುವ ಉದ್ದ ಕಡ್ಡಿ ಎಫ್‌ಎಂಗೆ, ಇದಕ್ಕಲ್ಲ. ಈ ಫೆರೈಟ್ ಕಡ್ಡಿಯ ತುದಿ ಯಾವ ಕಡೆಗೆ ಇದೆಯೋ ಆ ಕಡೆಯಿಂದ ಬರುವುದನ್ನು ಅದು ಬಹಳ ಕಮ್ಮಿ ಹಿಡಿಯುತ್ತದೆ. ಹಾಗಾಗಿ ಸೆಟ್ಟನ್ನು ಮೇಜಿನ ಮೇಲೆ ಇಟ್ಟು ನಿಧಾನಕ್ಕೆ ತಿರುಗಿಸಿ. ಒಂದು ಕೋನದಲ್ಲಿ ಖರಖರ ಥಟ್ಟನೆ ಕುಸಿದು ಹಾಡು ಎದ್ದು ನಿಲ್ಲುತ್ತದೆ. ಅಲ್ಲೇ ಬಿಟ್ಟುಬಿಡಿ. ಆಮೇಲೆ ಕಸ ಹೊಡೆಯುವವರಿಗೆ ಸೆಟ್ ಜರುಗಿಸಬೇಡಿ ಅಂತ ಹೇಳಿಡುವುದು ನಿಮ್ಮ ಕೆಲಸ.

ಕರೆಂಟ್ ಹೋದಾಗ ಒಂದು ಮಜಾ ಆಗುತ್ತದೆ. ಓಣಿಯ ಬಲ್ಬು, ಚಾರ್ಜರ್ ಎಲ್ಲ ಒಟ್ಟಿಗೆ ಬಂದ್ ಆಗುತ್ತವೆ. ಫ್ಯಾನೂ ನಿಲ್ಲುತ್ತದೆ. ಸೆಲ್ ಹಾಕಿದ ರೇಡಿಯೊ ಆಗ ಹಾಡುವಷ್ಟು ಶುದ್ಧವಾಗಿ ಬೇರೆ ಯಾವಾಗಲೂ ಹಾಡುವುದಿಲ್ಲ. ಬೆವರು ಸುರಿಯುತ್ತಿರುತ್ತದೆ ಅನ್ನುವುದು ಬೇರೆ ಮಾತು. ಪಕ್ಕದ ಮನೆಯ ಅಗ್ಗದ ಇನ್ವರ್ಟರ್ ಶುರುವಾಯಿತೋ, ಆ ಸುಖವೂ ಮುಗೀತು.

ಗುಡುಗು-ಮಿಂಚಿನ ಸಂಜೆ ಮಾತ್ರ ಮೀಡಿಯಂ ವೇವ್ ಕೈ ಕೊಡುತ್ತದೆ. ಪ್ರತಿ ಮಿಂಚಿಗೂ ಚಟ್ ಅನ್ನುತ್ತದೆ, ಮಿಂಚು ಎಷ್ಟೋ ದೂರದಲ್ಲಿದ್ದರೂ. ಎಫ್‌ಎಂಗೆ ಈ ಕಾಟ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಮಾಳಿಗೆ ಮೇಲೆ ಸಂಡಿಗೆ, ಶ್ಯಾವಿಗೆ ಒಣ ಹಾಕಿದವರಿಗೆ ಇದೇ ಚಟ್ ಚಟ್ ಉಪಯೋಗಕ್ಕೆ ಬರುತ್ತದೆ. ಅದು ಒತ್ತೊತ್ತಾಗಿ ಬರತೊಡಗಿದರೆ ಮಳೆ ಈ ಕಡೆಗೆ ಹೊರಟಿದೆ ಅಂತ ಅರ್ಥ. ಹಾಡು ಬಿಟ್ಟು ಸಂಡಿಗೆ ತೆಗೆಯಿರಿ.

ಎಫ್‌ಎಂ ಮತ್ತು ರಾಗಂ

ಎಫ್‌ಎಂ ಬಗ್ಗೆ ಬೇಗ ಮುಗಿಸುತ್ತೇನೆ. ಖಾಸಗಿ ಎಫ್‌ಎಂಗಳಲ್ಲಿ ಸಿನಿಮಾ ಹಾಡು, ಹರಟೆ. ಅದು ತಪ್ಪಲ್ಲ, ಆದರೆ ನೀವು ಕೇಳಿದ್ದು ಅದಲ್ಲ. 1957ರ ಅಕ್ಟೋಬರ್ 3ರಂದು ಶುರುವಾದ ವಿವಿಧ ಭಾರತಿಯಲ್ಲಿ ಒಂದು ರತ್ನ ಇದೆ: ಸಂಗೀತ ಸರಿತಾ. ಬೆಳಗಿನ ಚಿಕ್ಕ ಕಾರ್ಯಕ್ರಮ. ರಾಗವನ್ನು ವಿವರಿಸಿ, ಅದೇ ರಾಗದ ಸಿನಿಮಾ ಹಾಡು, ಅದೇ ರಾಗದ ಶಾಸ್ತ್ರೀಯ ತುಣುಕು ಕೇಳಿಸುತ್ತಾರೆ. ಹಿಂದಿಯಲ್ಲಿ ಇರುತ್ತದೆ. ರಾಗ ಗುರುತು ಹಿಡಿಯಲು ಕಲಿಯಬೇಕು ಅನ್ನುವವರಿಗೆ ಇದಕ್ಕಿಂತ ಸುಲಭದ ಬಾಗಿಲು ನನಗೆ ಗೊತ್ತಿಲ್ಲ. ಆಕಾಶವಾಣಿಯ ನ್ಯೂಸ್‌ಆನ್‌ಏರ್ ಆ್ಯಪಿನಲ್ಲಿ ವಿವಿಧ ಭಾರತಿಯ ರಾಷ್ಟ್ರೀಯ ಪ್ರಸಾರ ಹಚ್ಚಿ.

ಅದೇ ಆ್ಯಪಿನಲ್ಲಿ ರಾಗಂ ಇದೆ. 2016ರ ಜನವರಿ 26ರಂದು ಆಕಾಶವಾಣಿ ಬೆಂಗಳೂರಿನಿಂದ ಶುರು ಮಾಡಿದ ಇಪ್ಪತ್ನಾಲ್ಕು ತಾಸಿನ ಶಾಸ್ತ್ರೀಯ ಸಂಗೀತ ಚಾನೆಲ್. ಹಿಂದೂಸ್ತಾನಿ, ಕರ್ನಾಟಕಿ ಎರಡೂ ಬರುತ್ತವೆ. ಹೊತ್ತು ಕಾಯುವ ಕೆಲಸ ಇಲ್ಲ, ಯಾವಾಗ ಹಚ್ಚಿದರೂ ಶಾಸ್ತ್ರೀಯವೇ. ಖರಖರ ಇಲ್ಲ. ಬರೀ ಖಯಾಲ್ ಕೇಳಿ ಬೆಳೆದ ನಮ್ಮ ಕಡೆಯ ಹಿರಿಯರಿಗೆ ನಡುವೆ ಕರ್ನಾಟಕಿ ಕೃತಿ ಬಂದಾಗ ಸ್ವಲ್ಪ ಕಸಿವಿಸಿ ಆಗಬಹುದು. ಒಂದು ಬೇಸಿಗೆ ಬಿಡದೆ ಕೇಳಿ ನೋಡಿ, ಆ ಕಸಿವಿಸಿ ಹೋಗುತ್ತದೆ.

ಬೇಸಿಗೆಗೆ ರಾಗಗಳ ಹೊತ್ತು ನೆನಪಿಟ್ಟುಕೊಂಡರೆ ಕೇಳುವ ಸುಖ ಇನ್ನೂ ಹೆಚ್ಚು. ನೆತ್ತಿ ಸುಡುವ ಹೊತ್ತಿಗೆ ಸಾರಂಗ್‌ಗಳು ಇವೆ: ವೃಂದಾವನಿ ಸಾರಂಗ್, ಶುದ್ಧ ಸಾರಂಗ್, ಗೌಡ ಸಾರಂಗ್. ಬಿಸಿಲು ಸ್ವಲ್ಪ ಇಳಿದ ಮೇಲೆ ಭೀಮಪಲಾಸಿ, ಮುಲ್ತಾನಿ. ಸೂರ್ಯ ಮುಳುಗುವಾಗ ಮಾರವಾ, ಪೂರಿಯಾ. ರಾತ್ರಿ ಬಾಗೇಶ್ರೀ, ಮಾಲಕಂಸ. ವೃಂದಾವನಿ ಸಾರಂಗ್‌ನಲ್ಲಿ ಗಾಂಧಾರ, ಧೈವತ ಎರಡೂ ಇಲ್ಲ. ಬರೀ ಐದು ಸ್ವರ, ನಡುವೆ ಗಾಳಿಯಾಡುವಷ್ಟು ಜಾಗ. ಮಧ್ಯಾಹ್ನ ಒಂದೂವರೆಗೆ ಊಟ ಮಾಡಿ ಚಾಪೆಯ ಮೇಲೆ ಅಡ್ಡಾದಾಗ ಅದನ್ನು ಕೇಳಿ, ಸಮಯದ ನಿಯಮ ಸುಮ್ನೆ ಮಾಡಿದ್ದಲ್ಲ ಅಂತ ನಿಮಗೇ ಅನ್ನಿಸುತ್ತದೆ.

ಜಾಝ್: ಖಯಾಲ್ ಕಿವಿಯವರಿಗೆ ಎಲ್ಲಿ ಬಾಗಿಲು?

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಕಡೆ ಜಾಝ್ ಅಂದರೆ ಹೋಟೆಲ್ ಲಾಬಿಯ ಸಂಗೀತ ಅನ್ನುವ ತಪ್ಪು ಕಲ್ಪನೆ ಜಾಸ್ತಿ.

ಖಯಾಲ್ ಕೇಳುವವರಿಗೆ ಜಾಝಿನ ಕಟ್ಟು ಹೊಸದಲ್ಲ. ಮೊದಲು ಎಲ್ಲರೂ ಸೇರಿ ಒಂದು ಧಾಟಿ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರು ಆ ಧಾಟಿಯ ಆವರ್ತನದ ಮೇಲೆಯೇ ಅಲ್ಲಿಯೇ ಹುಟ್ಟಿಸಿಕೊಂಡು ನುಡಿಸುತ್ತಾರೆ. ಕೊನೆಗೆ ಮತ್ತೆ ಧಾಟಿಗೆ ಬರುತ್ತಾರೆ. ಜಾಝಿನಲ್ಲಿ ಮತ್ತೆ ಮತ್ತೆ ಬರುವ ಬ್ಲೂಸ್ ಅನ್ನುವ ಕಟ್ಟಿನ ಆವರ್ತನ ಹನ್ನೆರಡು ಮನೆಗಳದ್ದು (ಅಲ್ಲಿಯವರು ಬಾರ್ ಅನ್ನುವುದು ಇದನ್ನೇ), ಮನೆಗೆ ನಾಲ್ಕು ಮಾತ್ರೆ. ತಬಲಾ ಠೇಕಾ (ತಾಳದ ನಡೆ) ಹಿಡಿದಂತೆ ಇಲ್ಲಿ ದೊಡ್ಡ ಬಾಸ್ ಮತ್ತು ಡ್ರಮ್ ಹಿಡಿಯುತ್ತವೆ. ಆವರ್ತನ ಮುಗಿದು ಮೊದಲ ಮಾತ್ರೆಗೆ ಬಂದಾಗ ಸಮ್ ಸಿಕ್ಕಿದ ಖುಷಿ ಇಲ್ಲೂ ಸಿಗುತ್ತದೆ. ಎಣಿಸುತ್ತ ಕೇಳಿ.

ಕಷ್ಟ ಬರುವುದು ಬೇರೆ ಕಡೆ. ಜಾಝಿನಲ್ಲಿ ತಂಬೂರಿ ಇಲ್ಲ. ಕೆಳಗಿನ ಸ್ವರಗುಚ್ಛ, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗೊಂಚಲು, ಬದಲಾಗುತ್ತಲೇ ಇರುತ್ತದೆ. ಷಡ್ಜ ಹಿಡಿದು ಕೂತ ಕಿವಿಗೆ ಕಾಲ ಕೆಳಗಿನ ಹಾಸು ಎಳೆದಂತೆ ಆಗುತ್ತದೆ. ಅದಕ್ಕೇ ಬಿಬಾಪ್ ಅನ್ನುವ ವೇಗದ ಜಾಝ್‌ನಿಂದ ಶುರು ಮಾಡಬೇಡಿ. ಏಪ್ರಿಲ್ ಮಧ್ಯಾಹ್ನಕ್ಕಂತೂ ಬೇಡವೇ ಬೇಡ, ತಲೆ ಸಿಡಿಯುತ್ತದೆ. 1959ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಒಂದು ಆಲ್ಬಮ್ ಮಾಡಿದರು, ಕೈಂಡ್ ಆಫ್ ಬ್ಲೂ. ಅದರ ಮೊದಲ ತುಣುಕಿನಲ್ಲಿ ಸ್ವರಗುಚ್ಛಗಳ ಓಡಾಟ ಬಿಟ್ಟು ಒಂದೇ ಸ್ವರಸಾಲಿನ ಮೇಲೆ ಬಹಳ ಹೊತ್ತು ನಿಲ್ಲುತ್ತಾರೆ. ಆ ಸಾಲು ನಮ್ಮ ಕಾಫಿ ಥಾಟಿನದೇ (ಥಾಟ್ ಅಂದರೆ ರಾಗಗಳ ಮೂಲ ಸ್ವರಸಾಲು): ಕೋಮಲ ಗಾಂಧಾರ, ಕೋಮಲ ನಿಷಾದ, ಉಳಿದವು ಶುದ್ಧ. ನಡುವೆ ಎಂಟು ಮನೆಗಳಿಗೆ ಇಡೀ ಸಾಲು ಅರ್ಧ ಸ್ವರ ಮೇಲೆ ಜರುಗಿ ಮತ್ತೆ ವಾಪಸ್ಸು ಬರುತ್ತದೆ. ಭೀಮಪಲಾಸಿಯೂ ಕಾಫಿ ಥಾಟಿನದ್ದೇ ಅಲ್ವಾ? ಹಾಗಾಗಿ ಸಂಜೆ ನಾಲ್ಕಕ್ಕೆ ಭೀಮಪಲಾಸಿ ಕೇಳಿ, ಅದರ ಬೆನ್ನಿಗೇ ಇದನ್ನು ಕೇಳಿ. ಸ್ವರ ಒಂದೇ, ನಡೆ ಬೇರೆ. ರಾಗ ಅಲ್ಲ ಅದು, ಹುಡುಕಲೂ ಬೇಡಿ. ಆದರೆ ಕಿವಿಗೆ ಕಾಲೂರಲು ಜಾಗ ಸಿಗುತ್ತದೆ.

ತಾಳದ ಹುಚ್ಚು ಇರುವವರಿಗೆ ಬೇರೆ ಬಾಗಿಲು. ಜಾಝ್ ಪಿಯಾನೊ ವಾದಕ ಡೇವ್ ಬ್ರೂಬೆಕ್ ತಮ್ಮ ತಂಡದೊಂದಿಗೆ 1958ರಲ್ಲಿ ಭಾರತಕ್ಕೆ ಬಂದು ಹೋಗಿದ್ದರು. ಮರುವರ್ಷ ಅವರ ತಂಡ ನುಡಿಸಿದ ಟೇಕ್ ಫೈವ್ ಐದು ಮಾತ್ರೆಯದು, ಮೂರು ಮತ್ತು ಎರಡು. ಎರಡು-ಮೂರು, ಎರಡು-ಮೂರು ಎಂದು ಎಣಿಸುವ ಝಪ್‌ತಾಲ ಗೊತ್ತಿದ್ದವರ ಬೆರಳು ತಾನಾಗಿಯೇ ತೊಡೆಯ ಮೇಲೆ ಎಣಿಸಲು ಶುರು ಮಾಡುತ್ತದೆ.

ಈಗ ಸ್ಟೇಶನ್ನುಗಳ ಮಾತು. ಶಾರ್ಟ್‌ವೇವ್‌ನಲ್ಲಿ ಜಾಝ್ ಕೇಳಿದ ಹಿರಿಯರು ನಮ್ಮಲ್ಲಿ ಇದ್ದಾರೆ. 1955ರಿಂದ ಅಮೆರಿಕ ಸರ್ಕಾರದ ರೇಡಿಯೊ ವಾಯ್ಸ್ ಆಫ್ ಅಮೆರಿಕಾದಲ್ಲಿ ವಿಲ್ಲಿಸ್ ಕಾನೊವರ್ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು. ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ತಿಳಿಯುವಂತೆ ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತಾಡುತ್ತಿದ್ದರು. ಆ ಕಾಲ ಮುಗಿದಿದೆ. ಜಾಝಿಗಾಗಿ ಶಾರ್ಟ್‌ವೇವ್ ಸೆಟ್ ಕೊಳ್ಳಬೇಡಿ, ಅಂಗಡಿಯವರು ಏನೇ ಹೇಳಲಿ. ಈಗ ಜಾಝ್ ಇರುವುದು ಇಂಟರ್‌ನೆಟ್ ರೇಡಿಯೊದಲ್ಲಿ.

ಮಾತು ಬೇಡ, ಜಾಹೀರಾತು ಬೇಡ, ಸುಮ್ನೆ ಸಂಗೀತ ಬರಲಿ ಅನ್ನುವವರಿಗೆ ಸ್ವಿಟ್ಜರ್ಲೆಂಡಿನ ರೇಡಿಯೊ ಸ್ವಿಸ್ ಜಾಝ್. ಏನು ನುಡಿಸುತ್ತಿದ್ದಾರೆ, ಯಾರು ನುಡಿಸುತ್ತಿದ್ದಾರೆ ಅನ್ನುವುದು ಮೊಬೈಲ್ ಪರದೆಯ ಮೇಲೆ ಕಾಣುತ್ತದೆ. ಬಿಸಿಲು ಹೊತ್ತಿನ ಮೆಲುದನಿಯ ಕೇಳುವಿಕೆಗೆ ಇದು ಸರಿ. ನಿಜ ಹೇಳಬೇಕೆಂದರೆ ಕೆಲವೊಮ್ಮೆ ಅತಿ ನಯವಾಗಿ, ಒಂದೇ ಥರ ಅನ್ನಿಸುತ್ತದೆ. ಪ್ಯಾರಿಸಿನ ಟಿಎಸ್‌ಎಫ್ ಜಾಝ್‌ನಲ್ಲಿ ಉತ್ಸಾಹ ಜಾಸ್ತಿ, ನಡುವೆ ಫ್ರೆಂಚ್ ಮಾತು. ಕಲಿಯುತ್ತ ಕೇಳಬೇಕು ಅನ್ನುವವರಿಗೆ ಅಮೆರಿಕದ ಕೇಳುಗರ ಬೆಂಬಲದ ಸ್ಟೇಶನ್ನುಗಳು ಛಲೋ. ನ್ಯೂಯಾರ್ಕಿನ ಪಕ್ಕ ನೆವಾರ್ಕ್‌ನ ಡಬ್ಲ್ಯುಬಿಜಿಒ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊದ ಕೆಸಿಎಸ್‌ಎಂ. ಇಲ್ಲಿ ನಡೆಸುವವರು ಪ್ರತಿ ತುಣುಕಿನ ಬಾಸ್ ಯಾರು, ಡ್ರಮ್ ಯಾರು ಎಂದು ಹೇಳುತ್ತಾರೆ. ನಮ್ಮ ಆಕಾಶವಾಣಿಯವರು ತಬಲಾ ಸಾಥ್, ಪೇಟಿ ಸಾಥ್ ಹೇಳುವ ಹಾಗೆಯೇ.

ಗಡಿಯಾರದ ಲೆಕ್ಕ ಇಲ್ಲಿ ಮುಖ್ಯ. ಬೇಸಿಗೆಯಲ್ಲಿ ನ್ಯೂಯಾರ್ಕ್ ನಮಗಿಂತ ಒಂಬತ್ತೂವರೆ ತಾಸು ಹಿಂದೆ, ಕ್ಯಾಲಿಫೋರ್ನಿಯಾ ಹನ್ನೆರಡೂವರೆ ತಾಸು ಹಿಂದೆ. ಅವರ ರಾತ್ರಿ ಒಂಬತ್ತರ ಸಂಗೀತ ನಮಗೆ ಬೆಳಿಗ್ಗೆ ಆರೂವರೆಗೆ ಅಥವಾ ಒಂಬತ್ತೂವರೆಗೆ ಬರುತ್ತದೆ. ಅಂದರೆ ರಾತ್ರಿಯ ಸಂಗೀತವನ್ನು ಚಹಾದ ಜೊತೆ ಕೇಳಬೇಕು. ಭೈರವ, ತೋಡಿಯ ಹೊತ್ತಿನಲ್ಲಿ ಅದು ಒಗ್ಗದು ಅನ್ನುವವರು ಇದ್ದಾರೆ, ನಾನೂ ಅವರಲ್ಲಿ ಒಬ್ಬ.

ಆದರೆ ಬೇಸಿಗೆ ರಾತ್ರಿಗೆ ಜಾಝಿನಲ್ಲಿ ಒಂದು ಹಬ್ಬದೂಟ ಇದೆ. ಜಾಝ್ ಹುಟ್ಟಿದ ನ್ಯೂ ಆರ್ಲಿಯನ್ಸ್‌ನಲ್ಲಿ 1970ರಿಂದ ಜಾಝ್ ಅಂಡ್ ಹೆರಿಟೇಜ್ ಉತ್ಸವ ನಡೆಯುತ್ತದೆ, ಏಪ್ರಿಲ್ ಕೊನೆ, ಮೇ ಮೊದಲ ವಾರ. ಆ ಊರಿನ ಡಬ್ಲ್ಯುಡಬ್ಲ್ಯುಒಝಡ್ ಸ್ಟೇಶನ್ ಅಲ್ಲಿಂದ ನೇರ ಪ್ರಸಾರ ಮಾಡುತ್ತದೆ. ಆ ಊರು ನಮಗಿಂತ ಹತ್ತೂವರೆ ತಾಸು ಹಿಂದೆ. ಅಲ್ಲಿ ಮಧ್ಯಾಹ್ನದ ಬಯಲು ವೇದಿಕೆ, ಇಲ್ಲಿ ರಾತ್ರಿ ಊಟ ಮುಗಿಸಿ ಮಾಳಿಗೆ ಮೇಲೆ ಹಾಸಿಗೆ ಹಾಸುವ ಹೊತ್ತು. ಸೆಖೆಗೆ ಹೇಗೂ ನಿದ್ದೆ ಬರುವುದಿಲ್ಲ. ಫ್ಯಾನಿನ ಸದ್ದೂ ಇಲ್ಲ. ಯುನೆಸ್ಕೊ ಗುರುತಿಸಿದ ಅಂತರರಾಷ್ಟ್ರೀಯ ಜಾಝ್ ದಿನ ಏಪ್ರಿಲ್ 30 ಕೂಡ ಇದೇ ಹೊತ್ತಿಗೆ ಬರುತ್ತದೆ.

ಜಾಝಿಗೆ ಒಂದು ಖರ್ಚಿನ ಮಾತು ಹೇಳಲೇಬೇಕು. ಅದರ ನಡಿಗೆ ಇರುವುದು ಎರಡು ತುದಿಗಳಲ್ಲಿ. ಕೆಳಗೆ ದೊಡ್ಡ ಬಾಸ್, ಮೇಲೆ ಕಂಚಿನ ತಾಳ. ಮೊಬೈಲಿನ ಪುಟ್ಟ ಸ್ಪೀಕರ್ ಕೆಳಗಿನದನ್ನು ನುಂಗುತ್ತದೆ. ಫ್ಯಾನು ಮೇಲಿನದನ್ನು ಮಸುಕು ಮಾಡುತ್ತದೆ. ಉಳಿಯುವುದು ಸ್ಯಾಕ್ಸೊಫೋನ್ ಒಂದೇ, ಠೇಕಾ ಇಲ್ಲದ ತಾನಿನ ಹಾಗೆ. "ಏನಿದು, ಸುಮ್ನ ಊದಾಕ ಹತ್ಯಾರ" ಅಂತ ಜನ ಬಂದ್ ಮಾಡುವುದು ಇದೇ ಕಾರಣಕ್ಕೆ. ಖಯಾಲನ್ನು ಬರೀ ಮೊಬೈಲಿನಲ್ಲಿ ಕೇಳಬಹುದು, ಜಾಝನ್ನು ಆಗದು. ಇಯರ್‌ಫೋನ್ ಇಲ್ಲವೇ ಸ್ವಲ್ಪ ಗಾತ್ರದ ಬ್ಲೂಟೂತ್ ಸ್ಪೀಕರ್ ಬೇಕೇ ಬೇಕು.

ಪಾಶ್ಚಾತ್ಯ ಶಾಸ್ತ್ರೀಯ: ಬೆಳಗಿನ ಜಾವಕ್ಕೆ ಮಾತ್ರ

ಸಿಂಫನಿ ಇಷ್ಟಪಡುವವರು ನನ್ನ ಮೇಲೆ ಸಿಟ್ಟಾಗಬೇಡಿ. ಸಂಗೀತದ ತಪ್ಪಲ್ಲ, ಫ್ಯಾನಿನ ತಪ್ಪು. ದೊಡ್ಡ ವಾದ್ಯವೃಂದದ ಕೃತಿಯಲ್ಲಿ ಒಂದೇ ಕೊಳಲು ಉಸಿರಿನಷ್ಟು ಮೆಲ್ಲಗೆ ನುಡಿಯುವ ಜಾಗ ಇರುತ್ತದೆ. ಎರಡು ನಿಮಿಷ ಬಿಟ್ಟು ಎಂಬತ್ತು ಜನ ಒಟ್ಟಿಗೆ ನುಡಿಸುವ ಜಾಗ ಬರುತ್ತದೆ. ಫ್ಯಾನಿನ ಕೆಳಗೆ ಮೊದಲನೆಯದು ಕೇಳುವುದೇ ಇಲ್ಲ. ರೇಡಿಯೊ ಕೆಟ್ಟಿತು ಅಂದುಕೊಂಡು ವಾಲ್ಯೂಮ್ ಏರಿಸುತ್ತೀರಿ. ಆಮೇಲೆ ಎರಡನೆಯದು ಬಂದು ಮಲಗಿದ ಮಕ್ಕಳನ್ನು ಎಬ್ಬಿಸುತ್ತದೆ.

ಇದಕ್ಕೆ ದಾರಿ ಎರಡು. ಒಂದು, ಬೆಳಿಗ್ಗೆ ಐದರಿಂದ ಏಳರ ನಡುವೆ, ಫ್ಯಾನು ಬಂದ್ ಮಾಡಿ, ಕಿಟಕಿ ತೆಗೆದು ಕೇಳುವುದು. ಎರಡು, ಬಾಕ್, ವಿವಾಲ್ಡಿ ಕಾಲದ ಬರೋಕ್ ಸಂಗೀತ, ಇಲ್ಲವೇ ನಾಲ್ಕು ತಂತಿವಾದ್ಯಗಳ ಚಿಕ್ಕ ಗೋಷ್ಠಿ. ಇವುಗಳಲ್ಲಿ ಏರಿಳಿತ ಕಡಿಮೆ. ವಿವಾಲ್ಡಿಯ ನಾಲ್ಕು ಋತುಗಳು ಅಚ್ಚಾದದ್ದು 1725ರಲ್ಲಿ. ಅದರ ಬೇಸಿಗೆ ಕಾಲದ ಭಾಗದಲ್ಲಿ ಮೊದಲು ಬಿಸಿಲಿಗೆ ಮನುಷ್ಯರೂ ದನಕರುಗಳೂ ಸೋತು ಬಿದ್ದಿರುತ್ತಾರೆ, ಕೋಗಿಲೆ ಕೂಗುತ್ತದೆ, ಕೊನೆಗೆ ಗುಡುಗು-ಆಲಿಕಲ್ಲಿನ ಮಳೆ ಬರುತ್ತದೆ. ಇಟಲಿಯ ಬೇಸಿಗೆ ಅದು. ಆದರೆ ಬೇವಿನ ಮರದಲ್ಲಿ ಕೋಗಿಲೆ ಕೂಗಿ, ಸಂಜೆಗೆ ಆಲಿಕಲ್ಲು ಬೀಳುವ ನಮ್ಮ ಏಪ್ರಿಲ್‌ಗೆ ಯಾರಾದರೂ ಇಲ್ಲಿಗೇ ಬಂದು ಬರೆದರೇನೋ ಅನ್ನಿಸುತ್ತದೆ. ಸ್ಟೇಶನ್ ಬೇಕಾದರೆ ರೇಡಿಯೊ ಸ್ವಿಸ್ ಕ್ಲಾಸಿಕ್, ಇಲ್ಲವೇ ನ್ಯೂಯಾರ್ಕಿನ ಡಬ್ಲ್ಯುಕ್ಯೂಎಕ್ಸ್‌ಆರ್.

ಯಾರಿಗೆ ಯಾವುದು, ಎಷ್ಟು ಖರ್ಚು

ಡೇಟಾ ಬಗ್ಗೆ ಜನರಿಗೆ ಅನಗತ್ಯ ಹೆದರಿಕೆ ಇದೆ. ಸೆಕೆಂಡಿಗೆ 128 ಕಿಲೋಬಿಟ್‌ನ ಪ್ರಸಾರ ಒಂದು ತಾಸು ಕೇಳಿದರೆ ಸುಮಾರು 58 ಎಂಬಿ. 64 ಕಿಲೋಬಿಟ್ ಆದರೆ 29 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇದ್ದವರು ಎಂಟು ತಾಸು ಕೇಳಿದರೂ ಅರ್ಧ ಜಿಬಿ ದಾಟುವುದಿಲ್ಲ. ಖರ್ಚಾಗುವುದು ಮೊಬೈಲಿನ ಬ್ಯಾಟರಿ. ಬಿಸಿಲಿನಲ್ಲಿ ಚಾರ್ಜಿಗೆ ಹಾಕಿಕೊಂಡೇ ಕೇಳಿದರೆ ಅದು ಕಾದು ಬೇಗ ಸಾಯುತ್ತದೆ.

ಮನೆಯಲ್ಲಿ ಕಣ್ಣು ಮಂಜಾದ ಅಜ್ಜ ಇದ್ದರೆ ಆ್ಯಪ್ ಕಲಿಸಲು ಹೋಗಬೇಡಿ. ತಿರುವುವ ಗುಬ್ಬಿ ಇರುವ, ಮೀಡಿಯಂ ವೇವ್-ಎಫ್‌ಎಂ ಎರಡೂ ಇರುವ ಸೆಟ್ ಕೊಡಿಸಿ. ಸಾವಿರದಿಂದ ಎರಡು ಸಾವಿರದೊಳಗೆ ಬರುತ್ತದೆ. 765ರ ಜಾಗಕ್ಕೆ ಗಾಜಿನ ಮೇಲೆ ಒಂದು ಚುಕ್ಕಿ ಉಗುರಬಣ್ಣ ಹಚ್ಚಿ ಕೊಡಿ. ಹಾವೇರಿ, ಶಿರಹಟ್ಟಿ ಕಡೆ ಹೊಲದಲ್ಲಿ ಮನೆ ಇದ್ದು ನೆಟ್‌ವರ್ಕ್ ಬಂದು ಹೋಗುವವರಿಗೂ ಇದೇ. ಎಫ್‌ಎಂ ನೇರ ದೃಷ್ಟಿಯ ದಾರಿಯಲ್ಲಿ ಬರುವ ಅಲೆ, ಧಾರವಾಡದಿಂದ ದೂರ ಹೋದಷ್ಟೂ ತೆಳುವಾಗುತ್ತದೆ.

ಧಾರವಾಡದ ಸಪ್ತಾಪುರದಲ್ಲಿ ರೂಮು ಹಿಡಿದು ಪರೀಕ್ಷೆಗೆ ಓದುವ ಹುಡುಗರಿಗೆ ಮಾತಿಲ್ಲದ ಸಂಗೀತ ಬೇಕು. ಪಿಯಾನೊ, ಬಾಸ್, ಡ್ರಮ್ ಮೂರೇ ಇರುವ ಜಾಝ್ ತಂಡಗಳು, ಬರೋಕ್, ಇಲ್ಲವೇ ಸಿತಾರಿನ ಆಲಾಪ. ಇಯರ್‌ಫೋನ್ ಹೇಗೂ ಇರುತ್ತದೆ, ಬೇರೆ ಖರ್ಚಿಲ್ಲ. ಬಡಾ ಖಯಾಲ್ ಹಚ್ಚಿಕೊಂಡು ಓದುತ್ತೇನೆ ಅನ್ನುವುದು ಖಯಾಲಿಗೂ ಅವಮಾನ, ಓದಿಗೂ ನಷ್ಟ.

ಹುಬ್ಬಳ್ಳಿಯ ದುರ್ಗದಬೈಲಿನಂಥ ಜಾಗದಲ್ಲಿ ಅಂಗಡಿ ಇಟ್ಟವರಿಗೆ ಬೀದಿಯ ಗದ್ದಲವೇ ದೊಡ್ಡ ಕೂಲರ್. ಅಲ್ಲಿ ಮೆಲುದನಿಯದು ಯಾವುದೂ ನಡೆಯುವುದಿಲ್ಲ. ಹದಿನೈದಿಪ್ಪತ್ತು ಜನ ಸೇರಿ ನುಡಿಸುವ ಹಳೆಯ ಬಿಗ್ ಬ್ಯಾಂಡ್ ಜಾಝ್, ಡ್ಯೂಕ್ ಎಲಿಂಗ್ಟನ್ ಥರದ್ದು, ಗದ್ದಲವನ್ನು ಎದುರಿಸಿ ನಿಲ್ಲುತ್ತದೆ. ಇಲ್ಲವೇ ದ್ರುತ್ (ವೇಗದ) ಲಯದ ಸಿತಾರ್-ತಬಲಾ. ಗಿರಾಕಿ ಬಂದಾಗ ಅರ್ಧಕ್ಕೆ ಬಿಟ್ಟು ಎದ್ದರೂ ಬೇಜಾರಾಗುವುದಿಲ್ಲ.

ಮೂರು-ನಾಲ್ಕು ಸಾವಿರ ಖರ್ಚು ಮಾಡಬಲ್ಲವರು ಒಂದೇ ದೊಡ್ಡ ವಸ್ತು ಕೊಳ್ಳುವ ಬದಲು ಎರಡು ಸಣ್ಣವನ್ನು ಕೊಳ್ಳಿ ಅನ್ನುತ್ತೇನೆ. ಹಗಲಿಗೆ, ಕರೆಂಟ್ ಹೋದ ಹೊತ್ತಿಗೆ ಸೆಲ್ಲಿನ ಸೆಟ್. ರಾತ್ರಿಗೆ, ಮಾಳಿಗೆಗೆ ಒಂದು ಬ್ಲೂಟೂತ್ ಸ್ಪೀಕರ್, ಮೊಬೈಲಿನಲ್ಲಿ ರಾಗಂ ಮತ್ತು ಒಂದೆರಡು ಜಾಝ್ ಸ್ಟೇಶನ್. ಸ್ಪೀಕರ್ ಬ್ಯಾಟರಿಯದ್ದೇ ಇರಲಿ, ಮತ್ತು ಹಚ್ಚುವ ಮೊದಲು ಪಕ್ಕದ ಮಾಳಿಗೆಯಲ್ಲಿ ಯಾರು ಮಲಗಿದ್ದಾರೆ ಅಂತ ಒಮ್ಮೆ ನೋಡಿ.

ಸೆಟ್ ಕೊಳ್ಳಲು ಹೋದಾಗ ಅಂಗಡಿಯವರು ಎಫ್‌ಎಂ ಹಚ್ಚಿ ಜೋರಾಗಿ ಕೇಳಿಸಿ ಕೊಟ್ಟು ಕಳಿಸುತ್ತಾರೆ. ಅಷ್ಟಕ್ಕೆ ಒಪ್ಪಬೇಡಿ. ಬ್ಯಾಂಡ್ ಬದಲಿಸಿ 765ಕ್ಕೆ ತಿರುವಿಸಿ. ಅಂಗಡಿಯ ಬಲ್ಬುಗಳ ಕೆಳಗೆ ಬರೀ ಖರಖರ ಬರಬಹುದು, ಆಗ ಸೆಟ್ ಹಿಡಿದು ಬೀದಿಗೆ ಬನ್ನಿ, ಸೆಲ್ ಮೇಲೆ ಹಚ್ಚಿ, ಒಂದು ಸುತ್ತು ತಿರುಗಿಸಿ ನೋಡಿ. ಆಗಲೂ ಧಾರವಾಡ ಸ್ವಚ್ಛ ಬರದಿದ್ದರೆ ಬೇರೆ ಸೆಟ್ ತೋರಿಸಲು ಹೇಳಿ.